ಮಲೆನಾಡಿನ ಶೀತದಲ್ಲಿ ಚಿನ್ನದ ಅಕ್ಷರ: ಲೇಖನಿ ಆಯ್ಕೆಯಿಂದ ರೇಕಿನ ಮೆರುಗಿನವರೆಗೆ

"ರೇಕು ಹಿಡಿಯಲೇ ಇಲ್ಲ." "ಹಿಡಿಯಿತು, ಆದರೆ ಉಜ್ಜಿದಾಗ ಎದ್ದು ಬಂತು." "ಹಚ್ಚಿದ ಕಡೆ ಬಿಟ್ಟು ಉಳಿದ ಕಡೆಯೆಲ್ಲ ಚಿನ್ನ ಅಂಟಿತು." ಹಳೆಯ ಹಸ್ತಪ್ರತಿಗಳ ಹಾಗೆ ಬರೆದು ಚಿನ್ನದ ರೇಕು, ಅಂದರೆ ತೀರಾ ತೆಳ್ಳಗಿನ ಚಿನ್ನದ ಹಾಳೆ, ಹಚ್ಚಲು ಹೊರಟ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರಿಂದ ಕೇಳಿಬರುವ ದೂರು ಹೆಚ್ಚುಕಡಿಮೆ ಈ ಮೂರೇ. ಇದಕ್ಕೆ ಕೈಚಳಕ ಸಾಲದು ಅಂತ ಬೇಸರಪಟ್ಟು ಕೆಲಸ ಬಿಟ್ಟವರೂ ಇದ್ದಾರೆ. ಬಿಡಬೇಕಾಗಿಲ್ಲ. ಬಹಳಷ್ಟು ಸಲ ಕೆಲಸದ ಕ್ರಮ ತಪ್ಪಿರುತ್ತದೆ. ಇಲ್ಲವೇ, ಬೇರೆ ಹವೆಯ ಊರಿನವರು ಬರೆದಿಟ್ಟ ಅಳತೆಯನ್ನು ನಮ್ಮ ಆಷಾಢದ ಗಾಳಿಯಲ್ಲಿ ಹಾಗೇ ಬಳಸಿರುತ್ತಾರೆ.

ಕನ್ನಡ ಬರೆಯುವವರಿಗೂ ಯುರೋಪಿನ ಹಳೆಯ ಲಿಪಿಶೈಲಿ ಕಲಿಯುವವರಿಗೂ ಈ ಹಂತಗಳು ಒಂದೇ. ಒಂದು ಹಂತವನ್ನೂ ಹಿಂದೆ ಮುಂದೆ ಮಾಡಬೇಡಿ.

ಹಂತ 1: ಮೊದಲು ಗಾಳಿಯ ತೇವ ಅಳೆಯಿರಿ

ಚಿನ್ನಕ್ಕಿಂತ ಮೊದಲು ಕೊಳ್ಳಬೇಕಾದದ್ದು ಗಾಳಿಯ ತೇವ ತೋರಿಸುವ ಪುಟ್ಟ ಡಿಜಿಟಲ್ ಮೀಟರ್. ಕೆಲವು ನೂರು ರೂಪಾಯಿಗೆ ಆನ್‌ಲೈನಿನಲ್ಲಿ ಸಿಗುತ್ತದೆ. ಅದನ್ನು ನೀವು ಕೆಲಸ ಮಾಡುವ ಮೇಜಿನ ಮೇಲೇ ಇಡಿ. ಪಕ್ಕದ ಕೋಣೆಯ ಲೆಕ್ಕ ಬೇಡ.

ಯಾಕೆ ಅಂದರೆ, ಹಸ್ತಪ್ರತಿಗೆ ಚಿನ್ನ ಹಚ್ಚುವ ಹಳೆಯ ಅಂಟುಗಳೆಲ್ಲ ತೇವವನ್ನು ನಂಬಿಕೊಂಡೇ ಕೆಲಸ ಮಾಡುತ್ತವೆ. ಅಂಟು ಸ್ವಲ್ಪ ತೇವಗೊಂಡಾಗ ರೇಕು ಹಿಡಿಯುತ್ತದೆ. ಪೂರ್ತಿ ಒಣಗಿ ಗಟ್ಟಿಯಾದಾಗ ಮಾತ್ರ ಉಜ್ಜಿ ಮೆರುಗು ಕೊಡಬಹುದು. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಮೀಟರ್ ಶೇ. 90 ದಾಟಿ ನಿಲ್ಲುತ್ತದೆ. ಆಗ ಅಂಟು ಮೆತ್ತಗೇ ಉಳಿಯುತ್ತದೆ. ರೇಕು ಚೆನ್ನಾಗಿ ಹಿಡಿದಂತೆ ಕಾಣುತ್ತದೆ, ಮೆರುಗು ಕೊಡುವ ಕಲ್ಲು ಮುಟ್ಟಿಸಿದ ಕೂಡಲೇ ಅಂಟಿನ ಸಮೇತ ಎದ್ದು ಬರುತ್ತದೆ. ಫೆಬ್ರುವರಿ, ಮಾರ್ಚ್‌ನ ಮಧ್ಯಾಹ್ನ ಇದಕ್ಕೆ ಉಲ್ಟಾ. ಅಂಟು ಒಣಗಿ ಗಾಜಿನಂತಾಗಿರುತ್ತದೆ, ರೇಕು ಹಿಡಿಯುವುದೇ ಇಲ್ಲ.

55 ರಿಂದ 70ರ ನಡುವೆ ಮೀಟರ್ ಇದ್ದಾಗ ರೇಕು ಹಚ್ಚುವುದು ಸುಲಭ. 80ರ ಮೇಲೆ ಇದ್ದರೆ ಅವತ್ತು ಚಿನ್ನ ಮುಟ್ಟಬೇಡಿ. ನಮ್ಮ ಕಡೆ ದೀಪಾವಳಿ ಕಳೆದು ಅಡಿಕೆ ಸುಲಿಯುವ ದಿನಗಳಿಂದ ಫೆಬ್ರುವರಿ ಕೊನೆಯವರೆಗೆ ಒಳ್ಳೆಯ ಕಾಲ. ಬೆಳಿಗ್ಗೆ ಮಂಜು ಕರಗಿದ ಮೇಲೆ ಕೂರಿ. ಆಗುಂಬೆ, ಹೊಸನಗರದಂತಹ ಜಡಿಮಳೆಯ ಊರಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರವಣಿಗೆ ಅಭ್ಯಾಸ ಮಾಡಿ, ಲೇಖನಿ ಕೊರೆಯಿರಿ, ಸಾಮಾನು ಹೊಂದಿಸಿ. ಆ ನಾಲ್ಕು ತಿಂಗಳು ಖಂಡಿತ ವ್ಯರ್ಥವಲ್ಲ. ಅಕ್ಷರ ಕೂರಲು ಅಷ್ಟು ಸಮಯ ಬೇಕೇ ಬೇಕು.

ಒಲೆಯ ಮೇಲಿನ ಅಟ್ಟದಲ್ಲಿ ಕಾಗದ ಒಣಗಿಸುವವರಿದ್ದಾರೆ. ಬೇಡ. ಹೊಗೆಯ ಕರಿ ಕೂರುತ್ತದೆ, ಒಂದೇ ಕಡೆಯ ಬಿಸಿಗೆ ಹಾಳೆ ಸೊಟ್ಟಗಾಗುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ ದೊಡ್ಡ ಪ್ಲಾಸ್ಟಿಕ್ ಡಬ್ಬ ತನ್ನಿ. ಅದರಲ್ಲಿ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಹಾಕಿ, ಹಾಳೆಯನ್ನು ರಾತ್ರಿಯಿಡೀ ಅದರಲ್ಲಿಡಿ. ಜೆಲ್ಲಿನ ಬಣ್ಣ ತಿರುಗಿದರೆ ಅದರ ಶಕ್ತಿ ಮುಗಿದಿದೆ ಅಂತ ಅರ್ಥ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಡುಗೆಯ ಬಾಣಲೆ ಬೇಡ, ಬೇರೆಯದೇ ಇಟ್ಟುಕೊಳ್ಳಿ.

ಹಂತ 2: ಲೇಖನಿ

ಚಪ್ಪಟೆ ತುದಿಯ ಲೇಖನಿ ಬೇಕು. ಮೊನೆ ಚೂಪಾದ ನಿಬ್ಬಿನಲ್ಲಿ ಹಳೆಯ ಪುಸ್ತಕಗಳ ದಪ್ಪ-ಸಪೂರ ಗೆರೆ ಬರುವುದಿಲ್ಲ. ಮೂರು ದಾರಿಗಳಿವೆ.

ಮೊದಲ ದಿನದಿಂದಲೇ ಬರೆಯಬೇಕು ಅನ್ನುವವರಿಗೆ ಪೈಲಟ್ ಪ್ಯಾರಲಲ್ ಪೆನ್ನು ಸುಲಭ. 1.5, 2.4, 3.8, 6 ಮಿ.ಮೀ. ಹೀಗೆ ಹಲವು ಅಗಲದಲ್ಲಿ ಬರುತ್ತದೆ. ಕನ್ನಡಕ್ಕೆ 2.4 ಅಥವಾ 3.8 ಒಳ್ಳೆಯದು. ಇದರ ಜೊತೆ ಬರುವ ಇಂಕು ಅಭ್ಯಾಸಕ್ಕೆ ಮಾತ್ರ. ನೀರು ತಾಗಿದರೆ ಹರಡುತ್ತದೆ, ಬೆಳಕಿಗೆ ಮಾಸುತ್ತದೆ.

ಅಭ್ಯಾಸ ಗಟ್ಟಿಯಾದ ಮೇಲೆ ಹೋಲ್ಡರಿಗೆ ಸಿಕ್ಕಿಸುವ ಉಕ್ಕಿನ ನಿಬ್ಬಿಗೆ ಬನ್ನಿ. ಹೊಸ ನಿಬ್ಬಿಗೆ ತುಕ್ಕು ಹಿಡಿಯದಿರಲಿ ಅಂತ ಎಣ್ಣೆಯ ಲೇಪ ಕೊಟ್ಟಿರುತ್ತಾರೆ. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯದಿದ್ದರೆ ಇಂಕು ಹನಿಗಟ್ಟಿ ಜಾರುತ್ತದೆ. "ನಿಬ್ಬೇ ಸರಿಯಿಲ್ಲ" ಅಂತ ಎಸೆಯುವವರು ಬಹುಪಾಲು ಈ ಲೇಪ ತೆಗೆದಿರುವುದಿಲ್ಲ. ನಮ್ಮ ಶೀತಕ್ಕೆ ಒದ್ದೆ ನಿಬ್ಬು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ. ಬರೆದ ಕೂಡಲೇ ತೊಳೆದು, ಒರೆಸಿ, ಸಿಲಿಕಾ ಜೆಲ್ ಇರುವ ಡಬ್ಬಿಗೆ ಹಾಕಿ.

ಮೂರನೆಯದು ನಮ್ಮದೇ ಬಿದಿರು ಅಥವಾ ವಾಟೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು, ಕಾಸೂ ಖರ್ಚಿಲ್ಲ. ಬೆರಳಿಗಿಂತ ಸಪೂರವಾದ, ಬಲಿತ, ನೆರಳಿನಲ್ಲಿ ಪೂರ್ತಿ ಒಣಗಿದ ತುಂಡು ಆರಿಸಿ. ಹಸಿ ಕಡ್ಡಿ ಕೊರೆದರೆ ಒಣಗುವಾಗ ಸೀಳುತ್ತದೆ.

ಒಂದು ಗೇಣು ಉದ್ದಕ್ಕೆ ಕತ್ತರಿಸಿ. ತುದಿಯಲ್ಲಿ ಓರೆಯಾಗಿ ಉದ್ದಕ್ಕೆ ಕೆತ್ತಿ, ಒಳಗಿನ ಮೆತ್ತನೆಯ ಭಾಗ ಕೆರೆದು ತೆಗೆಯಿರಿ. ಹೊರಗಿನ ಗಟ್ಟಿ ಸಿಪ್ಪೆಯೇ ಬರೆಯುವ ಭಾಗ. ಎರಡೂ ಬದಿ ಸಮವಾಗಿ ತೆಳುಮಾಡಿ. ನಡುವೆ 1 ಸೆಂ.ಮೀ. ಉದ್ದದ ಸೀಳು ಕೊಡಿ. ಕೊನೆಗೆ ತುದಿಯನ್ನು ಗಟ್ಟಿ ಹಲಗೆಯ ಮೇಲಿಟ್ಟು, ಹರಿತವಾದ ಬ್ಲೇಡಿನಲ್ಲಿ ಒಂದೇ ಏಟಿಗೆ ನೇರವಾಗಿ ಕತ್ತರಿಸಿ. ಗರಗಸದಂತೆ ಉಜ್ಜಿ ಕತ್ತರಿಸಿದರೆ ತುದಿ ನಾರುನಾರಾಗಿ ಗೆರೆಯ ಅಂಚು ಒರಟಾಗುತ್ತದೆ. ತಂಪು ಪಾನೀಯದ ಡಬ್ಬಿಯಿಂದ ಸಣ್ಣ ಪಟ್ಟಿ ಕತ್ತರಿಸಿ, ಸ್ವಲ್ಪ ಬಳುಕಿಸಿ ಲೇಖನಿಯ ಒಳಗೆ ಸಿಕ್ಕಿಸಿದರೆ ಅದು ಇಂಕು ಹಿಡಿದಿಡುತ್ತದೆ. ಪದೇಪದೇ ಅದ್ದುವ ಕಷ್ಟ ತಪ್ಪುತ್ತದೆ.

ಹಂತ 3: ಮಾದರಿ ಆರಿಸಿ, ಅಳತೆ ಹಿಡಿಯಿರಿ

ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ, ಕಾಗದದ ಹಸ್ತಪ್ರತಿಗಳಿವೆ. ಅದನ್ನು ನೋಡಿಕೊಳ್ಳುವುದು ಕುವೆಂಪು ವಿಶ್ವವಿದ್ಯಾಲಯ. ಮೊದಲೇ ಕೇಳಿಕೊಂಡು ಹೋಗಿ ನೋಡಿ. ಆದರೆ ಒಂದು ವಿಷಯ ತಲೆಯಲ್ಲಿರಲಿ. ತಾಳೆಗರಿಯ ಅಕ್ಷರ ಕಬ್ಬಿಣದ ಕಂಟದಲ್ಲಿ, ಅಂದರೆ ಚೂಪು ಮೊನೆಯ ಕಡ್ಡಿಯಲ್ಲಿ, ಗೀರಿದ್ದು. ಆಮೇಲೆ ಮಸಿ ತುಂಬಿ ಒರೆಸುತ್ತಿದ್ದರು. ಹಾಗಾಗಿ ಗೆರೆಯೆಲ್ಲ ಒಂದೇ ದಪ್ಪ. ಅದರಿಂದ ಅಕ್ಷರದ ರೂಪ, ಒತ್ತಕ್ಷರ ಕೂರಿಸುವ ಜಾಣ್ಮೆ ಕಲಿಯಿರಿ. ದಪ್ಪ-ಸಪೂರದ ಪಾಠಕ್ಕೆ ಕಾಗದದ ಮೇಲೆ ಲೇಖನಿಯಲ್ಲಿ ಬರೆದ ಪ್ರತಿಗಳನ್ನೇ ನೋಡಬೇಕು. ತಾಳೆಗರಿಗೇ ಚಿನ್ನ ಹಚ್ಚುತ್ತೇನೆ ಅಂತಲೂ ಹೊರಡಬೇಡಿ. ಎಣ್ಣೆ ಸವರಿದ ಗರಿಯ ಮೇಲೆ ನೀರಿನ ಅಂಟು ನಿಲ್ಲುವುದಿಲ್ಲ.

ಹಳೆಯ ಲಿಪಿಶೈಲಿಗಳಲ್ಲಿ ಅಕ್ಷರದ ಎತ್ತರವನ್ನು ನಿಬ್ಬಿನ ಅಗಲದಿಂದ ಅಳೆಯುತ್ತಾರೆ. ಯುರೋಪಿನ ದುಂಡು ಶೈಲಿಗೆ ಸುಮಾರು 4 ನಿಬ್ಬಗಲ, ಲೇಖನಿಯ ಓರೆ 30 ಡಿಗ್ರಿ. ಕಂಬಗಳಂತೆ ನಿಲ್ಲುವ ಗೋಥಿಕ್‌ಗೆ 5 ನಿಬ್ಬಗಲ, ಓರೆ 40 ರಿಂದ 45. ಕನ್ನಡಕ್ಕೆ ಅಕ್ಷರದ ಮೈ 4 ರಿಂದ 5 ನಿಬ್ಬಗಲ ಇಟ್ಟುಕೊಳ್ಳಿ ಅಂತ ನನ್ನ ಸಲಹೆ. ಸಾಲಿನಿಂದ ಸಾಲಿಗೆ ಕನಿಷ್ಠ 12 ನಿಬ್ಬಗಲ ಬಿಡಿ. 2.4 ಮಿ.ಮೀ. ನಿಬ್ಬಾದರೆ ಮೈ 10 ರಿಂದ 12 ಮಿ.ಮೀ., ಸಾಲಿನ ಅಂತರ ಸುಮಾರು 29 ಮಿ.ಮೀ. ಇಂಗ್ಲಿಷಿನ ಅಳತೆಯಲ್ಲಿ ಗೆರೆ ಹಾಕಿಕೊಂಡು ಕನ್ನಡ ಬರೆದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇದು ಎಲ್ಲರೂ ಮಾಡುವ ತಪ್ಪು.

ಓರೆ ಎಷ್ಟಿರಲಿ, ಪುಟದುದ್ದಕ್ಕೂ ಒಂದೇ ಇರಲಿ. ಕೈ ದಣಿದಾಗ ಓರೆ ಬದಲಾಗುತ್ತದೆ. ಪುಟದ ಮೇಲಿನ "ಅ" ಮತ್ತು ಕೆಳಗಿನ "ಅ" ಹೋಲಿಸಿ ನೋಡಿ, ಗೊತ್ತಾಗುತ್ತದೆ. ಹಾಗಾದರೆ ಅವತ್ತಿಗೆ ಸಾಕು.

ಹಂತ 4: ಮಸಿ

ಚಿನ್ನದ ಪಕ್ಕದಲ್ಲಿ ಇರಬೇಕಾದದ್ದು ಕಾಡಿಗೆಯ ಕರಿಯಿಂದ ಮಾಡಿದ ಮಸಿ. ಕಡ್ಡಿಯ ರೂಪದಲ್ಲಿ ಬರುವ ಚೀನೀ ಅಥವಾ ಜಪಾನೀ ಮಸಿಯನ್ನು ಕಲ್ಲಿನ ಮೇಲೆ ನೀರು ಹಾಕಿ ತೇಯ್ದುಕೊಂಡರೆ ಸಾಕು. ಬಾಟಲಿಯ ವಾಟರ್‌ಪ್ರೂಫ್ ಇಂಡಿಯನ್ ಇಂಕು ಬೇಡ. ಅದರಲ್ಲಿರುವ ಅರಗು ನಿಬ್ಬಿನಲ್ಲಿ ಕಟ್ಟಿಕೊಳ್ಳುತ್ತದೆ.

ಅಳಲೆಕಾಯಿ ಮತ್ತು ಅನ್ನಭೇದಿ ಸೇರಿಸಿ ಮಾಡುವ ಕಪ್ಪು ಮಸಿ ನೋಡಲು ಚಂದ, ಗಟ್ಟಿ ಕೂಡ. ಆದರೆ ಅನ್ನಭೇದಿ ಜಾಸ್ತಿಯಾದರೆ ಅದು ವರ್ಷಗಳ ನಂತರ ಕಾಗದವನ್ನೇ ತಿನ್ನುತ್ತದೆ. ಶೀತದ ಜಾಗದಲ್ಲಿ ಇನ್ನೂ ಬೇಗ. ಉಳಿಸಿಕೊಳ್ಳಬೇಕಾದ ಪುಟಕ್ಕೆ ಬಳಸಬೇಡಿ. ನಮ್ಮಲ್ಲಿ ಅಡಿಕೆ ಬೇಯಿಸಿದ ಚೊಗರು ಇದ್ದೇ ಇರುತ್ತದೆ, ಅಲ್ವಾ? ಅಭ್ಯಾಸಕ್ಕೆ ಅದನ್ನು ತೆಳುಮಾಡಿ ಸೋಸಿ ಬಳಸಬಹುದು, ಒಳ್ಳೆಯ ಕಂದು ಬರುತ್ತದೆ. ಚಿನ್ನ ಹಚ್ಚುವ ಪುಟಕ್ಕೆ ಮಾತ್ರ ಬೇಡ. ಅದರ ಜಿಗುಟಿಗೆ ರೇಕು ಅಂಟುತ್ತದೆ.

ಹಂತ 5: ಕಾಗದ

ಹತ್ತಿಯ ನಾರಿನಿಂದ ಮಾಡಿದ, ಮೈ ನುಣುಪಾದ, 300 ಜಿಎಸ್‌ಎಂ ಜಲವರ್ಣದ ಕಾಗದ ಕೇಳಿ. ಅಂಗಡಿಯಲ್ಲಿ "ಹಾಟ್ ಪ್ರೆಸ್" ಅಂದರೆ ಕೊಡುತ್ತಾರೆ. "ಕೋಲ್ಡ್ ಪ್ರೆಸ್" ಕೊಟ್ಟರೆ ತರಬೇಡಿ. ಅದರ ಉಬ್ಬುತಗ್ಗು ಚಿನ್ನದಲ್ಲಿ ಎದ್ದು ಕಾಣುತ್ತದೆ. ಹುಬ್ಬಳ್ಳಿ ಹತ್ತಿರದ ತಾರಿಹಾಳದಲ್ಲಿ ಹತ್ತಿಯ ಕೈಕಾಗದ ಮಾಡುತ್ತಾರೆ. ರಾಜಸ್ಥಾನದ ಸಾಂಗಾನೇರ್ ಕೂಡ ಕೈಕಾಗದದ ಊರು. ಮಿನಿಯೇಚರ್ ಚಿತ್ರ ಬರೆಯುವವರು ಬಳಸುವ, ಪದರ ಅಂಟಿಸಿ ಕಲ್ಲಿನಿಂದ ಉಜ್ಜಿದ ವಸ್ಲಿ ಕಾಗದ ಜೈಪುರದ ಕಡೆಯಿಂದ ತರಿಸಬಹುದು. ಚಿನ್ನಕ್ಕೆ ಅದಕ್ಕಿಂತ ಒಳ್ಳೆಯ ಮೈ ಇಲ್ಲ ಅಂತ ನನ್ನ ಅನಿಸಿಕೆ.

ಕೊಳ್ಳುವ ಮೊದಲು ಒಂದು ಹನಿ ನೀರು ಹಾಕಿ ನೋಡಿ. ಹನಿ ಮೇಲೆಯೇ ನಿಂತರೆ ಕಾಗದಕ್ಕೆ ಸರಿಯಾಗಿ ಗಂಜಿ ಕೊಟ್ಟಿದ್ದಾರೆ. ಕೂಡಲೇ ಹೀರಿಕೊಂಡರೆ ಮಸಿ ಹರಡುತ್ತದೆ, ಅಂಟನ್ನೂ ಕುಡಿದುಬಿಡುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟ ಒಳ್ಳೆಯ ಕಾಗದಕ್ಕೂ ಈ ಗತಿ ಬರುತ್ತದೆ. ಶೀತ ಹೊಡೆದ ಹಾಳೆ ಬೆಳಕಿಗೆ ಹಿಡಿದರೆ ಮಚ್ಚೆಮಚ್ಚೆ ಕಾಣುತ್ತದೆ.

ಕರುವಿನ ಅಥವಾ ಆಡಿನ ಚರ್ಮದ ಹಾಳೆ ಯುರೋಪಿನ ಹಸ್ತಪ್ರತಿಗಳ ಮೂಲ ವಸ್ತು. ಆದರೆ ಗಾಳಿಯ ತೇವಕ್ಕೆ ಅದು ಸುರುಟಿಕೊಳ್ಳುತ್ತದೆ. ಮಲೆನಾಡಿನಲ್ಲಿ ಕಲಿಯುವವರಿಗೆ ಅದು ಬೇಡ.

ಹಂತ 6: ಚಿನ್ನ ಮತ್ತು ಅಂಟು ಕೊಳ್ಳುವಾಗ

ಇಲ್ಲೇ ಜಾಸ್ತಿ ಜನ ಮೋಸಹೋಗುವುದು. ನಿಧಾನವಾಗಿ ಓದಿ.

ರೇಕು: ಅಸಲಿ ಚಿನ್ನದ ರೇಕು ಸಾಮಾನ್ಯವಾಗಿ 80 ಮಿ.ಮೀ. ಚೌಕ, 25 ಹಾಳೆಯ ಪುಟ್ಟ ಪುಸ್ತಕ. ಸುಮಾರು 14 ಸೆಂ.ಮೀ. ಚೌಕದ ದೊಡ್ಡ ಹಾಳೆ ಕೈಗೆ ಕೊಟ್ಟರೆ ಅದು ಹಿತ್ತಾಳೆ, ಅಂದರೆ ತಾಮ್ರ-ಸತುವಿನದು. "ಗೋಲ್ಡ್ ಲೀಫ್" ಅಂತಲೇ ಮಾರುತ್ತಾರೆ. ನಮ್ಮ ಶೀತದಲ್ಲಿ ಅದು ಬೇಗ ಕಪ್ಪಾಗುತ್ತದೆ, ಹಸಿರು ತಿರುಗುತ್ತದೆ. ಅಭ್ಯಾಸಕ್ಕೆ ಅದನ್ನು ಕೊಳ್ಳಬಹುದು, ಆದರೆ ಹಿತ್ತಾಳೆ ಅಂತ ತಿಳಿದೇ ಕೊಳ್ಳಿ. ಅದು ದಪ್ಪ. ಚಿನ್ನ ಹಿಡಿಯುವಷ್ಟು ಸುಲಭವಾಗಿ ಹಿಡಿಯುವುದೂ ಇಲ್ಲ, ಮೆರುಗೂ ಬರುವುದಿಲ್ಲ. ಹಾಗಾಗಿ ಅದರಲ್ಲಿ ಸೋತರೆ ಎದೆಗುಂದಬೇಡಿ. ಸಿಹಿತಿಂಡಿಯ ಬೆಳ್ಳಿ ವರಕ್ ಬೇಡವೇ ಬೇಡ, ಕಪ್ಪಾಗುತ್ತದೆ.

25 ಹಾಳೆಯ ಅಸಲಿ ಪುಸ್ತಕದಲ್ಲಿ ಅರ್ಧ ಗ್ರಾಂ ಚಿನ್ನವೂ ಇರುವುದಿಲ್ಲ, ಅಷ್ಟು ತೆಳು. ಆದರೂ ಅವತ್ತಿನ ಚಿನ್ನದ ದರದಲ್ಲಿ ಲೆಕ್ಕ ಹಾಕಿ ನೋಡಿ. ಅದಕ್ಕಿಂತ ಅಗ್ಗವಾಗಿ ಕೊಡುತ್ತೇವೆ ಅಂದರೆ ಅದು ಚಿನ್ನವಲ್ಲ. 23 ಕ್ಯಾರೆಟ್ ಅಥವಾ ಮೇಲಿನದನ್ನೇ ಕೇಳಿ. ಮೊದಲ ಸಲಕ್ಕೆ ತೆಳು ಕಾಗದಕ್ಕೆ ಒತ್ತಿ ಅಂಟಿಸಿದ ರೇಕು ಒಳ್ಳೆಯದು. "ಟ್ರಾನ್ಸ್‌ಫರ್ ಲೀಫ್" ಅನ್ನುತ್ತಾರೆ. ಅದನ್ನು ಕತ್ತರಿಯಲ್ಲಿ ಕತ್ತರಿಸಬಹುದು. ಬಿಡಿ ರೇಕು ಉಸಿರಿಗೇ ಹಾರುತ್ತದೆ. ಮೈಸೂರು, ತಂಜಾವೂರು ಚಿತ್ರಕಲೆಯ ಸಾಮಾನು ಮಾರುವ ಅಂಗಡಿಗಳಲ್ಲೂ ಚಿನ್ನದ ಹಾಳೆ ಇರುತ್ತದೆ. ತಂಜಾವೂರಿನದು ದಪ್ಪ, ಪುಸ್ತಕದ ಪುಟಕ್ಕೆ ಒಗ್ಗುವುದಿಲ್ಲ. "ಗೋಲ್ಡ್" ಅಂತ ಬರೆದ ಬಣ್ಣದ ಬಿಲ್ಲೆಗಳಲ್ಲಿ ಬಹುಪಾಲು ಅಭ್ರಕದ ಪುಡಿ. ಅದು ಮಿನುಗುತ್ತದೆ ಅಷ್ಟೇ. ಕಲ್ಲಿನಿಂದ ಉಜ್ಜಿದರೆ ಮೆರುಗು ಬರುವುದಿಲ್ಲ.

ಗೋಂದು: ಶಿವಮೊಗ್ಗದ ಗಾಂಧಿ ಬಜಾರಿನಂತಹ ಹಳೆಯ ಪೇಟೆಯ ಗ್ರಂಧಿಗೆ ಅಂಗಡಿಗಳಲ್ಲಿ ವಿಚಾರಿಸಿ. ಅಂಟಿನುಂಡೆಗೆ ಹಾಕುವ ಗೋಂದು ಅಂತ ಹಲವು ಮರದ ಅಂಟು ಒಂದೇ ಹೆಸರಿನಲ್ಲಿ ಮಾರಾಟವಾಗುತ್ತದೆ. ನಮಗೆ ಬೇಕಾದದ್ದು ಗಮ್ ಅರೇಬಿಕ್, ಅಂದರೆ ಒಂದು ಜಾತಿಯ ಜಾಲಿಮರದ ಅಂಟು. ನಾಲ್ಕು ಹರಳನ್ನು ಒಂದು ಲೋಟ ನೀರಿಗೆ ಹಾಕಿ ರಾತ್ರಿ ಬಿಡಿ. ಪೂರ್ತಿ ಕರಗಿ ತಿಳಿಯಾದರೆ ಸರಿ. ಉಬ್ಬಿ ಲೋಳೆಯಂತಾದರೆ ಅದು ಬೇರೆ ಅಂಟು, ವಾಪಸ್ ಕೊಡಿ.

ಉಷಕ್: ರೇಕಿಗೆ ಬೇಕಾದ ಮುಖ್ಯ ಅಂಟು ಇದೇ. ಇರಾನ್, ಆಫ್ಘಾನಿಸ್ತಾನದ ಕಡೆ ಬೆಳೆಯುವ ಗಿಡದ ರಾಳ. ಕಲಾಸಾಮಗ್ರಿಯ ಅಂಗಡಿಗಳಲ್ಲಿ ಗಮ್ ಅಮೋನಿಯಾಕ್ ಅಂತ ತುಂಬಾ ದುಬಾರಿ. ಯುನಾನಿ ಔಷಧದ ಅಂಗಡಿಯಲ್ಲಿ "ಉಷಕ್" ಅಂತ ಕೇಳಿದರೆ ಅದೇ ರಾಳ ಸಿಗುತ್ತದೆ. ಹಳದಿ-ಕಂದು ಬಣ್ಣದ ಬಟಾಣಿಯಂತಹ ಕಾಳುಗಳನ್ನೇ ಆರಿಸಿ. ತೊಗಟೆ ಸೇರಿದ ಮುದ್ದೆ ಬೇಡ. ಮನೆಯಲ್ಲಿ ಮೊಟ್ಟೆ, ಮೀನಿನ ಅಂಟು ಬೇಡ ಅನ್ನುವವರಿಗೂ ಇದು ಸರಿಹೊಂದುತ್ತದೆ, ಯಾಕೆಂದರೆ ಇದು ಗಿಡದ ರಾಳ ಅಷ್ಟೇ.

ಮೆರುಗಿನ ಕಲ್ಲು: ನಾಯಿಹಲ್ಲಿನ ಆಕಾರದ ಅಗೇಟ್ ಕಲ್ಲು, ಹಿಡಿಕೆ ಸಮೇತ. ಗುಜರಾತಿನ ಖಂಭಾತ್ ಅಗೇಟ್ ಕೆಲಸಕ್ಕೆ ಹೆಸರಾದ ಊರು. ಕಲ್ಲಿನ ಮೇಲೆ ಉಗುರು ಎಳೆದು ನೋಡಿ. ಎಲ್ಲಾದರೂ ತಡೆದರೆ ಆ ಗೀರು ಪ್ರತಿ ಸಲವೂ ಚಿನ್ನದಲ್ಲಿ ಮೂಡುತ್ತದೆ.

ಇವಲ್ಲದೆ ಬೇಕಾದವು: ಗ್ಲಾಸೀನ್ ಕಾಗದ (ನುಣುಪಾದ, ಅರೆಪಾರದರ್ಶಕ ತೆಳು ಕಾಗದ), ಮೆತ್ತನೆಯ ಕುಂಚ, ಹಳೆಯ ರೇಷ್ಮೆ ಬಟ್ಟೆಯ ತುಂಡು, ಟಾಲ್ಕಂ ಪುಡಿ, ಹರಿತ ಬ್ಲೇಡು. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲೇ ಸಿಗುತ್ತದೆ.

ಹಂತ 7: ಪುಟದ ಕ್ರಮ

ಗೆರೆ, ಬರಹ, ಚಿತ್ರದ ಹೊರಗೆರೆ, ಅಂಟು, ಚಿನ್ನ, ಮೆರುಗು. ಬಣ್ಣ ಎಲ್ಲಕ್ಕಿಂತ ಕೊನೆಗೆ.

ಬಣ್ಣ ಮೊದಲು ಹಾಕಿದರೆ ಅದರಲ್ಲಿರುವ ಗೋಂದಿಗೆ ರೇಕು ಅಂಟುತ್ತದೆ. ಮೆರುಗಿನ ಕಲ್ಲು ಬಣ್ಣವನ್ನು ಕೆರೆಯುತ್ತದೆ ಕೂಡ. "ಹಚ್ಚಿದ ಕಡೆ ಬಿಟ್ಟು ಉಳಿದ ಕಡೆಯೆಲ್ಲ ಚಿನ್ನ" ಅನ್ನುವ ದೂರಿನ ಮೂಲ ಸಾಮಾನ್ಯವಾಗಿ ಇದೇ.

ಪೆನ್ಸಿಲ್ ಗೆರೆಗಳನ್ನು 2ಎಚ್‌ನಲ್ಲಿ ಹಗುರವಾಗಿ ಹಾಕಿ. ಚಿನ್ನ ಬರುವ ಜಾಗದ ಪೆನ್ಸಿಲನ್ನು ಅಂಟು ಹಚ್ಚುವ ಮೊದಲೇ ಅಳಿಸಿ. ಆಮೇಲೆ ರಬ್ಬರ್ ತಾಗಿದರೆ ಚಿನ್ನವೇ ಹೋಗುತ್ತದೆ. ಬರೆದ ಮಸಿ ಒಂದು ರಾತ್ರಿ ಒಣಗಲಿ. ನಂತರ ಪುಟದ ಮೇಲೆ ಟಾಲ್ಕಂ ಪುಡಿ ತೆಳ್ಳಗೆ ಸವರಿ, ಕುಂಚದಲ್ಲಿ ಪೂರ್ತಿ ಕೊಡವಿ. ಅದು ಕೈಯ ಜಿಡ್ಡು, ಮಸಿಯ ಜಿಗುಟು ಎರಡನ್ನೂ ಹೀರುತ್ತದೆ.

ಹಂತ 8: ಉಷಕ್ ಅಂಟು ತಯಾರಿಸಿ ಹಚ್ಚುವುದು

ಒಂದು ಚಮಚ ಕಾಳನ್ನು ಒರಟಾಗಿ ಕುಟ್ಟಿ. ಉಗುರುಬೆಚ್ಚಗಿನ ಡಿಸ್ಟಿಲ್ಡ್ ವಾಟರ್ ಎರಡು ಚಮಚ ಹಾಕಿ ರಾತ್ರಿ ನೆನೆಸಿ. ಕುದಿಸಬೇಡಿ. ಬೆಳಿಗ್ಗೆ ಮರದ ಕಡ್ಡಿಯಲ್ಲಿ ಮೆಲ್ಲಗೆ ಕಲಕಿ, ಹಳೆಯ ನೈಲಾನ್ ಕಾಲುಚೀಲದಲ್ಲಿ ಎರಡು ಸಲ ಸೋಸಿ. ಹಾಲಿನಂತಹ ದ್ರವ ಬರುತ್ತದೆ. ಅಲುಗಾಡಿಸಬೇಡಿ, ನೊರೆ ಏಳುತ್ತದೆ. ಅಂಟಿನಲ್ಲಿ ಉಳಿದ ಒಂದೊಂದು ಗುಳ್ಳೆಯೂ ಚಿನ್ನದಲ್ಲಿ ತೂತಾಗುತ್ತದೆ. ಗುಳ್ಳೆ ಕಂಡರೆ ಸೂಜಿಯಲ್ಲಿ ಒಡೆಯಿರಿ. ಚಿಟಿಕೆ ಕೆಂಪು ಜಲವರ್ಣ ಸೇರಿಸಿದರೆ ಎಲ್ಲಿ ಹಚ್ಚಿದ್ದೀರಿ ಅಂತ ಕಣ್ಣಿಗೆ ಕಾಣುತ್ತದೆ. ಒಂದು ಹನಿ ಲವಂಗದೆಣ್ಣೆ ಬೂಷ್ಟು ತಡೆಯುತ್ತದೆ. ಉಳಿದದ್ದನ್ನು ಫ್ರಿಜ್‌ನಲ್ಲಿಡಿ.

ಕುಂಚ ಹಳೆಯದಿರಲಿ. ಮುಗಿದ ಕೂಡಲೇ ಬೆಚ್ಚಗಿನ ಸೋಪುನೀರಿನಲ್ಲಿ ತೊಳೆಯದಿದ್ದರೆ ಅದು ಹೋಯಿತು ಅಂತಲೇ. ಕುಂಚದ ತುಂಬ ಅಂಟು ತೆಗೆದುಕೊಂಡು, ಹನಿಯನ್ನು ಗೆರೆಯ ಅಂಚಿನವರೆಗೆ ಎಳೆಯುತ್ತಾ ಹೋಗಿ. ಗೋಡೆಗೆ ಸುಣ್ಣ ಬಳಿದಂತೆ ಹಿಂದೆ ಮುಂದೆ ಉಜ್ಜಬೇಡಿ. ಅರ್ಧ ಗಂಟೆ ಬಿಟ್ಟು ಎರಡನೆಯ ಪದರ. ತೇವ 70ರ ಹತ್ತಿರ ಇದ್ದರೆ ಪದರ ತೆಳ್ಳಗಿರಲಿ.

ಅದೇ ಕಾಗದದ ತುಂಡಿನ ಮೇಲೆ, ಅದೇ ಹೊತ್ತಿಗೆ, ಒಂದು ಪರೀಕ್ಷೆಯ ಚುಕ್ಕೆಯನ್ನೂ ಹಾಕಿ. ಮುಂದಿನ ಪ್ರತಿ ಕೆಲಸವನ್ನೂ ಮೊದಲು ಆ ಚುಕ್ಕೆಯ ಮೇಲೆ ಮಾಡಿ ನೋಡಿ. ಇದೊಂದು ಅಭ್ಯಾಸ ಇದ್ದರೆ ಎಷ್ಟೋ ಪುಟ ಉಳಿಯುತ್ತದೆ.

ಹಂತ 9: ರೇಕು ಹಚ್ಚುವುದು

ಫ್ಯಾನ್ ಆಫ್. ಕಿಟಕಿ ಮುಚ್ಚಿ. ಹಾಳೆಯ ಕೆಳಗೆ ಗಾಜು ಅಥವಾ ಗ್ರಾನೈಟ್ ಚಪ್ಪಡಿ ಇರಲಿ. ಮೆತ್ತನೆಯ ಮೇಜುಬಟ್ಟೆಯ ಮೇಲೆ ಕೆಲಸ ಮಾಡಿದರೆ ಒತ್ತು ಸರಿಯಾಗಿ ಬೀಳುವುದಿಲ್ಲ.

ರೇಕನ್ನು ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಒಂದು ಕೈಯಲ್ಲಿ ಸಿದ್ಧ ಹಿಡಿದಿರಿ. ಇನ್ನೊಂದು ಕೈಯಲ್ಲಿ ಬೆರಳುದ್ದದ ಕಾಗದದ ಕೊಳವೆ. ಅದರ ಮೂಲಕ ಅಂಟಿನ ಮೇಲೆ ಉಸಿರು ಬಿಡಿ. ಊದಬಾರದು. ಕನ್ನಡಕ ಒರೆಸುವ ಮೊದಲು "ಹಾ" ಅಂತ ಬಿಡುತ್ತೀರಲ್ಲ, ಆ ಬಿಸಿ ಉಸಿರು. ಊದಿದರೆ ಅಂಟು ಒಣಗುತ್ತದೆ, ಎಂಜಲೂ ಹಾರುತ್ತದೆ. ತೇವದ ದಿನ ಒಂದೆರಡು ಉಸಿರು ಸಾಕು. ಮಾರ್ಚ್‌ನಲ್ಲಿ ನಾಲ್ಕೈದು ಬೇಕಾಗುತ್ತದೆ.

ಉಸಿರು ಬಿಟ್ಟ ಮರುಕ್ಷಣವೇ ರೇಕು ಇಡಿ. ಅಯ್ಯೋ ಸರಿ ಕೂತಿತಾ ಅಂತ ನೋಡುತ್ತಾ ನಿಂತರೆ ಅಷ್ಟರಲ್ಲಿ ಅಂಟು ಒಣಗಿರುತ್ತದೆ. ಹೆಬ್ಬೆರಳಿನಿಂದ ಬೆನ್ನಿನ ಕಾಗದದ ಮೇಲೆ ಗಟ್ಟಿಯಾಗಿ ಒತ್ತಿ. ಕಾಗದ ತೆಗೆದು ನೋಡಿ. ಬಿಟ್ಟುಹೋದ ಜಾಗವಿದ್ದರೆ ಮತ್ತೆ ಉಸಿರು, ಮತ್ತೆ ರೇಕು. ಚಿನ್ನ ಚಿನ್ನಕ್ಕೆ ಅಂಟುತ್ತದೆ, ಹಾಗಾಗಿ ಎರಡು ಪದರ ಕೊಟ್ಟರೆ ಬಣ್ಣ ತುಂಬಿಕೊಳ್ಳುತ್ತದೆ.

ಎಚ್ಚರಿಕೆಯ ಗುರುತುಗಳು: ಅಂಟು ಹೊಳೆಯುತ್ತಿದ್ದರೆ ಇನ್ನೂ ಒದ್ದೆ, ರೇಕು ಅದರಲ್ಲಿ ಮುಳುಗಿ ಮಂಕಾಗುತ್ತದೆ. ಎಲ್ಲೂ ಹಿಡಿಯದಿದ್ದರೆ ಒಣಗಿದೆ ಅಥವಾ ಕೈಯ ಎಣ್ಣೆ ತಾಗಿದೆ. ಅಂಚಿನಲ್ಲಿ ಮಾತ್ರ ಹಿಡಿಯದಿದ್ದರೆ ಅಲ್ಲಿ ಅಂಟು ತೆಳುವಾಗಿದೆ.

ಮುಗಿದ ಮೇಲೆ ಮೆತ್ತನೆಯ ಕುಂಚದಲ್ಲಿ ಹೊರಗಿನ ಚೂರುಗಳನ್ನು ಸರಿಸಿ, ಪುಟ್ಟ ಬಾಟಲಿಯಲ್ಲಿ ತುಂಬಿಡಿ. ಸಾಕಷ್ಟು ಸೇರಿದಾಗ ಗೋಂದಿನಲ್ಲಿ ಅರೆದರೆ ಅಸಲಿ ಚಿನ್ನದ ಬಣ್ಣವಾಗುತ್ತದೆ. ಸಣ್ಣ ಚುಕ್ಕೆ, ಬಳ್ಳಿಗೆ ಅದೇ ಒಳ್ಳೆಯದು. ಬೇಡದ ಕಡೆ ಅಂಟಿದ ಚಿನ್ನವನ್ನು ಬ್ಲೇಡಿನ ತುದಿಯಲ್ಲಿ ಮೆಲ್ಲಗೆ ಕೆರೆಯಿರಿ.

ಹಂತ 10: ಮೆರುಗು

ಆತುರ ಬೇಡ. ಒಣ ದಿನವಾದರೆ ಒಂದು ಗಂಟೆ ಬಿಡಿ. ತೇವವಿದ್ದರೆ ಹಾಳೆಯನ್ನು ಸಿಲಿಕಾ ಜೆಲ್ ಡಬ್ಬದಲ್ಲಿಟ್ಟು ಮರುದಿನ ತೆಗೆಯಿರಿ. ಮೊದಲು ಗ್ಲಾಸೀನ್ ಕಾಗದದ ಮೇಲಿಂದ ಕಲ್ಲು ಆಡಿಸಿ. ಪರೀಕ್ಷೆಯ ಚುಕ್ಕೆ ತಡೆದುಕೊಂಡರೆ ಮಾತ್ರ ನೇರವಾಗಿ ಮುಟ್ಟಿಸಿ. ರೇಷ್ಮೆಯಲ್ಲಿ ಒರೆಸಿದ ಕಲ್ಲಿನಿಂದ, ಹಗುರವಾಗಿ, ಸಣ್ಣ ಸುತ್ತುಗಳಲ್ಲಿ ಉಜ್ಜಿ.

ಕಲ್ಲು ಜಾರಬೇಕು. ಸ್ವಲ್ಪ ತಡೆದರೂ, ಎಳೆದಂತಾದರೂ ಅಲ್ಲೇ ನಿಲ್ಲಿಸಿ. ಕೆಳಗಿನ ಅಂಟು ಇನ್ನೂ ಮೆತ್ತಗಿದೆ. ಇನ್ನೊಂದು ಸುತ್ತು ಉಜ್ಜಿದರೆ ಎಲ್ಲವೂ ಕಲ್ಲಿಗೆ ಬರುತ್ತದೆ. ಉಷಕ್ ಮೇಲಿನ ಚಿನ್ನಕ್ಕೆ ತಣ್ಣನೆಯ, ಮೆದು ಹೊಳಪು ಬರುತ್ತದೆ. ಕನ್ನಡಿಯಂತಹ ಹೊಳಪು ಇದರಿಂದ ಬರುವುದಿಲ್ಲ. ಅದಕ್ಕಾಗಿ ಜೋರು ಒತ್ತಬೇಡಿ.

ಹಂತ 11: ಉಬ್ಬು ಚಿನ್ನಕ್ಕೆ ಗೆಸ್ಸೊ

ಕನ್ನಡಿಯ ಹೊಳಪಿಗೆ ಗೆಸ್ಸೊ ಬೇಕು. ಅಂದರೆ ಪ್ಲಾಸ್ಟರ್, ಅಂಟು ಸೇರಿಸಿ ಅರೆದ, ಒಣಗಿದ ಮೇಲೂ ಉಬ್ಬಿ ನಿಲ್ಲುವ ಲೇಪ. ಉಷಕ್ ಕೈಗೆ ಒಗ್ಗಿದ ಮೇಲಷ್ಟೇ ಇದಕ್ಕೆ ಬನ್ನಿ.

ಹಳೆಯ ಕ್ರಮದ ಅಳತೆ: ನೀರಿನಲ್ಲಿ ಕೊಲ್ಲಿಸಿದ (ಗಟ್ಟಿಯಾಗುವ ಗುಣ ತೆಗೆದ) ಪ್ಲಾಸ್ಟರ್ 8 ಭಾಗ, ಸೀಸದ ಬಿಳಿ 3, ಸಕ್ಕರೆ 1, ಅಂಟು 1. ಸೀಸದ ಬಿಳಿ ವಿಷ. ಅದರ ಪುಡಿಯನ್ನು ಮನೆಗೆ ತರಲೇಬೇಡಿ. ಬದಲಿಗೆ ಟೈಟಾನಿಯಂ ಬಿಳಿ ಹಾಕಿ. ಹೊಳಪು ಸ್ವಲ್ಪ ಕಡಿಮೆ, ಆದರೆ ಜೀವಕ್ಕೆ ಅಪಾಯವಿಲ್ಲ. ಅಂಟು ಅಂದರೆ ಇಲ್ಲಿ ಚರ್ಮದ ಅಥವಾ ಮೀನಿನ ಅಂಟು.

ಪ್ಲಾಸ್ಟರ್ ಕೊಲ್ಲಿಸಲು ಮಳೆಗಾಲವೇ ಸರಿ. ಅರ್ಧ ಕೆಜಿ ಪ್ಲಾಸ್ಟರ್ ಆಫ್ ಪ್ಯಾರಿಸನ್ನು ಒಂದು ಬಕೆಟ್ ನೀರಿಗೆ ನಿಧಾನವಾಗಿ ಸುರಿಯುತ್ತಾ ಒಂದು ಗಂಟೆ ಬಿಡದೆ ಕಲಕಿ. ಆಮೇಲೆ ದಿನಾ ಕಲಕುತ್ತಾ, ನೀರು ಬದಲಿಸುತ್ತಾ ಒಂದು ತಿಂಗಳು. ಆಗ ಅದು ಗಟ್ಟಿಯಾಗುವ ಗುಣ ಬಿಟ್ಟು ಬೆಣ್ಣೆಯಷ್ಟು ನುಣುಪಾಗುತ್ತದೆ. ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ, ಪೈಪು ಕಟ್ಟುತ್ತದೆ.

ಮಲೆನಾಡಿನವರು ಬದಲಾಯಿಸಬೇಕಾದದ್ದು ಸಕ್ಕರೆಯ ಭಾಗ. ಸಕ್ಕರೆ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಒಣ ಊರಿನಲ್ಲಿ ರೇಕು ಹಿಡಿಯಲು ಅದು ಬೇಕು. ನಮ್ಮಲ್ಲಿ ಪೂರ್ತಿ 1 ಭಾಗ ಹಾಕಿದರೆ ಗೆಸ್ಸೊ ವಾರವಾದರೂ ಜಿಗುಟು ಬಿಡುವುದಿಲ್ಲ. ಅರ್ಧದಿಂದ ಶುರುಮಾಡಿ. ಎಲ್ಲವನ್ನೂ ಗಾಜಿನ ಮೇಲೆ ಅರೆದು, ಪುಟ್ಟ ಬಿಲ್ಲೆಗಳಾಗಿ ಒಣಗಿಸಿಡಿ. ಬೇಕಾದಾಗ ಒಂದು ಬಿಲ್ಲೆಗೆ ಕೆಲವು ಹನಿ ಡಿಸ್ಟಿಲ್ಡ್ ವಾಟರ್ ಹಾಕಿದರೆ ಕರಗುತ್ತದೆ.

ಒಣಗಿದ ಗೆಸ್ಸೊ ಬಿರುಕು ಬಿಟ್ಟರೆ ಅಂಟು ಜಾಸ್ತಿ ಅಥವಾ ಸಕ್ಕರೆ ತೀರಾ ಕಡಿಮೆ. ಬೆರಳಿಗೆ ಪುಡಿ ಹತ್ತಿದರೆ ಅಂಟು ಸಾಲದು. ಬೆರಳಿಗೆ ಅಂಟಿದರೆ ಸಕ್ಕರೆ ಜಾಸ್ತಿ. ಮೂರಕ್ಕೂ ಹೊಸ ಬಿಲ್ಲೆಯೇ ದಾರಿ. ಹಚ್ಚಿದ್ದರ ಮೇಲೆ ತೇಪೆ ಹಾಕಲು ಹೋಗಬೇಡಿ. ರೇಕು ಹಚ್ಚುವುದು ಮೇಲೆ ಹೇಳಿದ ಕ್ರಮದಲ್ಲೇ. ಮೆರುಗಿಗೆ ಮಾತ್ರ ಇಲ್ಲಿ ಒತ್ತು ಹೆಚ್ಚಿಸಬಹುದು.

ಹಂತ 12: ಬಣ್ಣ, ನಂತರ ಕಾಪಾಡುವುದು

ಈಗ ಬಣ್ಣ ಹಾಕಿ. ಗ್ವಾಶ್, ಅಂದರೆ ಅಪಾರದರ್ಶಕ ಜಲವರ್ಣ, ಸಾಕು. ಚಿನ್ನದ ಅಂಚಿಗೆ ಸಪೂರ ಕಪ್ಪು ಗೆರೆ ಕೊಟ್ಟರೆ ಅಂಕುಡೊಂಕು ಮುಚ್ಚುತ್ತದೆ, ಚಿನ್ನ ಎದ್ದು ಕಾಣುತ್ತದೆ. ಚಿನ್ನದ ಮೇಲೆ ನೀರು ಬೀಳದಿರಲಿ.

ಪುಟವನ್ನು ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ. ಒಳಗೆ ಸಿಕ್ಕಿಕೊಂಡ ತೇವ ಬೂಷ್ಟು ಬೆಳೆಸುತ್ತದೆ. ಮೇಲೆ ಗ್ಲಾಸೀನ್ ಹಾಳೆ ಮುಚ್ಚಿ, ರಟ್ಟಿನ ನಡುವೆ ಇಡಿ. ಚೌಕಟ್ಟು ಹಾಕಿಸಿದರೆ ಗಾಜು ಚಿನ್ನಕ್ಕೆ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚು ಕೊಡಿಸಿ. ಮಳೆ ಹೊಡೆಯುವ ಹೊರಗೋಡೆಗೆ ತೂಗುಹಾಕಬೇಡಿ, ಒಳಗೋಡೆಯೇ ಇರಲಿ. ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿ ಆಡಲು ಹಿಂದೆ ಬಿರಡೆಯ ತುಂಡು ಅಂಟಿಸಿ.

ಆರಿದ್ರಾ ಮಳೆ ಹಿಡಿದ ಮೇಲೆ ಆಗಾಗ ತೆಗೆದು ನೋಡಿ. ಬೂದು ಚುಕ್ಕೆ ಕಂಡರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಡಬ್ಬದಲ್ಲಿ ಪೂರ್ತಿ ಒಣಗಿಸಿ, ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಒಣ ಕುಂಚದಲ್ಲಿ ಕೊಡವಿ. ಎಲ್ಲಾದರೂ ಚಿನ್ನ ಎದ್ದಿದ್ದರೆ ಮಳೆಗಾಲದಲ್ಲಿ ರಿಪೇರಿಗೆ ಕೈಹಾಕಬೇಡಿ. ಗ್ಲಾಸೀನ್ ಮುಚ್ಚಿ ಹಾಗೇ ಇಡಿ. ನವೆಂಬರ್‌ನಲ್ಲಿ ಆ ಜಾಗವನ್ನು ಬ್ಲೇಡಿನಲ್ಲಿ ಹಗುರವಾಗಿ ಕೆರೆದು, ಹೊಸ ಉಷಕ್ ಹಚ್ಚಿ, ಹಂತ 9ರಿಂದ ಮತ್ತೆ ಮಾಡಿ.